ಟೀ ಟ್ರೀ ಆಯಿಲ್ ಮನೆಯಲ್ಲಿ ಬಳಸೋದು ಹೇಗೆ: ನಮ್ಮ ಕಡೆ ಬಿಸಿಲಿಗೆ ತಕ್ಕ ಸಮಗ್ರ ಮಾರ್ಗದರ್ಶಿ

ಹೋದ ಬೇಸಿಗೆಯಲ್ಲಿ ನನ್ನ ಕುತ್ತಿಗೆಯ ಹಿಂದೆ ಬೆವರುಸಾಲೆ ಎದ್ದಿತ್ತು. ಬಾಗಲಕೋಟೆಯ ಮೇ ತಿಂಗಳು ಅಂದರೆ ಗೊತ್ತಲ್ವಾ, ಫ್ಯಾನ್ ಗಾಳಿಯೂ ಬಿಸಿ. ಅಡುಗೆಮನೆ ಕಿಟಕಿಯಲ್ಲಿ ಒಂದು ಟೀ ಟ್ರೀ ಆಯಿಲ್ ಬಾಟಲಿ ಇತ್ತು, ತಂದು ವರ್ಷದ ಮೇಲಾಗಿತ್ತು. ಹಚ್ಚಲೋ ಬೇಡವೋ ಅಂತ ನೋಡ್ತಾ ನಿಂತಿದ್ದೆ. ಪಕ್ಕದ ಮನೆ ಅಕ್ಕ, "ಗಿಡದ ಎಣ್ಣಿ ಐತಿ, ಏನ್ ಆಕ್ಕೈತಿ, ಹಚ್ಚಿಕೋ" ಅಂದರು. ಏನನ್ನೂ ಬೆರೆಸದೆ ಹಾಗೇ ಹಚ್ಚಿದೆ. ಎರಡು ದಿನ ಏನೂ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಕುತ್ತಿಗೆ ಕೆಂಪಾಗಿ ಊದಿ, ಸಣ್ಣ ಸಣ್ಣ ನೀರ್ಗುಳ್ಳೆ ಎದ್ದು, ಸೀರೆ ಸೆರಗು ತಾಗಿದರೂ ಉರಿಯೋ ಹಾಗಾಯ್ತು.

ಚರ್ಮದ ಡಾಕ್ಟರು ಎಷ್ಟು ಹಚ್ಚಿದಿರಿ ಅಂತ ಆಮೇಲೆ ಕೇಳಿದರು. ಮೊದಲು ಕೇಳಿದ್ದು, "ಬಾಟಲಿ ಎಲ್ಲಿ ಇಟ್ಟಿದ್ರಿ? ತೆರೆದು ಎಷ್ಟು ತಿಂಗಳಾಯ್ತು?" ಅಂತ.

ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಈ ಎಣ್ಣೆ ಬಗ್ಗೆ ಎಲ್ಲರೂ ಎಷ್ಟು ಹನಿ, ಯಾವುದಕ್ಕೆ ಹಚ್ಚಬೇಕು ಅಂತಲೇ ಹೇಳ್ತಾರೆ. ಬಾಟಲಿಯ ವಯಸ್ಸು ಯಾರೂ ಹೇಳಲ್ಲ. ನಮ್ಮ ಬಾಗಲಕೋಟೆ, ವಿಜಯಪುರದಂಥ ಊರಲ್ಲಿ, ನಲವತ್ತು ಡಿಗ್ರಿ ದಾಟೋ ಬಿಸಿಲಲ್ಲಿ, ಅದೇ ಮೊದಲ ಮಾತಾಗಬೇಕು. ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡ್ತೀನಿ.

ಇದು ಏನು ಎಣ್ಣೆ

ನಾವು ಕುಡಿಯೋ ಚಹಾಕ್ಕೂ ಇದಕ್ಕೂ ಸಂಬಂಧ ಇಲ್ಲ. ಇದು ಆಸ್ಟ್ರೇಲಿಯಾದ ಮೆಲಲ್ಯೂಕಾ ಆಲ್ಟರ್ನಿಫೋಲಿಯಾ ಅನ್ನೋ ಗಿಡದ ಎಲೆಯಿಂದ ಆವಿ ಹಿಡಿದು ತೆಗೆದ ಎಣ್ಣೆ. ನೀಲಗಿರಿ ಮರವೂ ಇದರ ಬಳಗದ್ದೇ, ಅದಕ್ಕೇ ವಾಸನೆಯಲ್ಲಿ ಸ್ವಲ್ಪ ಹೋಲಿಕೆ. ಅಲ್ಲಿನ ಬುಂಡ್ಜಲಂಗ್ ಮೂಲನಿವಾಸಿಗಳು ಈ ಎಲೆಯನ್ನು ಅರೆದು ಗಾಯಕ್ಕೆ ಹಚ್ಚುತ್ತಿದ್ದರು. 1920ರ ದಶಕದಲ್ಲಿ ಆರ್ಥರ್ ಪೆನ್‌ಫೋಲ್ಡ್ ಅನ್ನೋ ಆಸ್ಟ್ರೇಲಿಯಾದ ರಸಾಯನಶಾಸ್ತ್ರಜ್ಞರು ಇದಕ್ಕೆ ರೋಗಾಣು ಕೊಲ್ಲೋ ಗುಣ ಇದೆ ಅಂತ ಬರೆದ ಮೇಲೆ ಹೊರಗೆ ಹೆಸರಾಯ್ತು. ಕೆಲಸ ಮಾಡೋ ಮುಖ್ಯ ಅಂಶ ಟರ್ಪಿನೆನ್-4-ಆಲ್.

ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ತರಹದ್ದು ಇದು ಅಲ್ಲ. ಅವು ಜಿಡ್ಡಿನ ಎಣ್ಣೆ, ಅಂಗೈ ತುಂಬ ಸುರಿದು ತಿಕ್ಕಬಹುದು. ಇದು ಹನಿಯಲ್ಲಿ ಅಳೆಯೋ ವಸ್ತು. ಎಣ್ಣೆ ಅನ್ನೋ ಹೆಸರೇ ಅರ್ಧ ಜನರನ್ನ ದಾರಿ ತಪ್ಪಿಸುತ್ತೆ.

ಹೆಜ್ಜೆ ಒಂದು: ಬಾಟಲಿ ಕೊಳ್ಳುವಾಗ

ಲೇಬಲ್ ಮೇಲೆ ಗಿಡದ ಆ ಉದ್ದ ಹೆಸರು ಪೂರ್ತಿ ಇರಬೇಕು. ಬರೀ "ಟೀ ಟ್ರೀ ಫ್ರ್ಯಾಗ್ರೆನ್ಸ್" ಅಂತ ಇದ್ದರೆ ಅದು ಸೆಂಟು, ಮೈಗೆ ಹಚ್ಚೋದಲ್ಲ. ಬಾಟಲಿ ಗಾಢ ಕಂದು ಅಥವಾ ನೀಲಿ ಗಾಜಿನದ್ದಾಗಿರಲಿ. ಐಎಸ್‌ಒ 4730 ಅಂತ ಬರೆದಿದ್ದರೆ ಒಳ್ಳೇದು. ಅದು ಈ ಎಣ್ಣೆಯ ಅಂತಾರಾಷ್ಟ್ರೀಯ ಗುಣಮಟ್ಟ. ಟರ್ಪಿನೆನ್-4-ಆಲ್ ಶೇಕಡಾ 35ರಿಂದ 48ರ ನಡುವೆ, ಸಿನಿಯೋಲ್ ಅನ್ನೋ ಇನ್ನೊಂದು ಅಂಶ ಶೇಕಡಾ 10ರ ಒಳಗೆ ಇರಬೇಕು ಅನ್ನುತ್ತೆ.

ಚಿಕ್ಕ ಬಾಟಲಿ ತಗೊಳ್ಳಿ. 10 ಮಿಲಿ ಸಾಕು, ನಿಜವಾಗ್ಲೂ ಸಾಕು. ದೊಡ್ಡದು ತಗೊಂಡರೆ ಅಗ್ಗ ಅನಿಸುತ್ತೆ, ಆದರೆ ಮುಗಿಯೋದರೊಳಗೆ ಕೆಡುತ್ತೆ. ನಂದು 30 ಮಿಲಿ ಬಾಟಲಿ, ಮುಕ್ಕಾಲು ಭಾಗ ಚೆಲ್ಲಿದೆ.

ಹೆಜ್ಜೆ ಎರಡು: ಎಲ್ಲಿ ಇಡೋದು, ಯಾವಾಗ ಎಸೆಯೋದು

ಗಾಳಿ, ಬೆಳಕು, ಬಿಸಿ. ಈ ಮೂರೂ ಸೇರಿದರೆ ಎಣ್ಣೆ ಒಳಗೊಳಗೇ ಬದಲಾಗುತ್ತೆ. ಗಾಳಿಯ ಆಮ್ಲಜನಕ ಸೇರಿ ಪೆರಾಕ್ಸೈಡು, ಆಸ್ಕರಿಡೋಲ್ ಅನ್ನೋ ಹೊಸ ಪದಾರ್ಥಗಳು ಹುಟ್ಟುತ್ತವೆ. ಚರ್ಮಕ್ಕೆ ಅಲರ್ಜಿ ತರೋದರಲ್ಲಿ ತಾಜಾ ಎಣ್ಣೆಗಿಂತ ಇವೇ ಮುಂದೆ. ಅಂದರೆ ಅದೇ ಬಾಟಲಿ, ಅದೇ ಒಂದು ಹನಿ, ಜನವರಿಯಲ್ಲಿ ಏನೂ ಮಾಡದಿದ್ದದ್ದು ಜೂನ್‌ನಲ್ಲಿ ಕಚ್ಚಬಹುದು. ಅರ್ಧ ಖಾಲಿ ಬಾಟಲಿ ಇನ್ನೂ ಬೇಗ ಕೆಡುತ್ತೆ, ಯಾಕಂದ್ರೆ ಒಳಗೆ ಗಾಳಿ ಜಾಸ್ತಿ.

ಇದನ್ನ 25 ಡಿಗ್ರಿ ಒಳಗೆ ಇಡಬೇಕು. ನಮ್ಮ ಕಡೆ ಮಾರ್ಚ್‌ನಿಂದ ಜೂನ್ ತನಕ ಮನೆಯಲ್ಲಿ ಅಂಥ ಜಾಗ ಒಂದೇ, ಫ್ರಿಜ್. ತಗಡಿನ ಮನೆಯ ಮಾಡ, ಬಚ್ಚಲಿನ ಗೂಡು, ಗ್ಯಾಸ್ ಒಲೆ ಮೇಲಿನ ಶೆಲ್ಫ್, ಬೈಕಿನ ಡಿಕ್ಕಿ ಯಾವುದೂ ಆಗಲ್ಲ. ಫ್ರಿಜ್‌ನಲ್ಲೂ ಬಾಗಿಲ ಹತ್ತಿರ ಬಿಡಿಯಾಗಿ ಇಡಬೇಡಿ. ಮುಚ್ಚಳ ಗಟ್ಟಿ ಇರೋ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮೇಲಿನ ಅಂಕಣದಲ್ಲಿ, ಮಕ್ಕಳ ಕೈ ಸಿಗದ ಮೂಲೆಗೆ ತಳ್ಳಿ. ಡಬ್ಬಿ ಮೇಲೆ "ಕುಡಿಯಬಾರದು" ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆದು ಅಂಟಿಸಿ. ಮನೆಯಲ್ಲಿ ಮಗುವಿನ ವಿಟಮಿನ್ ಡ್ರಾಪ್ಸ್, ಕಿವಿಗೆ ಹಾಕೋ ಔಷಧ, ಇದು, ಮೂರೂ ಒಂದೇ ಅಳತೆಯ ಬಾಟಲಿ. ಅವ್ವನಿಗೆ ಇಂಗ್ಲಿಷ್ ಅಕ್ಷರ ಓದೋಕೆ ಬರಲ್ಲ, ರಾತ್ರಿ ಹೊತ್ತು ಕನ್ನಡಕ ಸಿಗಲ್ಲ. ಹೀಗೇ ಅಲ್ವಾ ಅನಾಹುತ ಆಗೋದು.

ತೆರೆದ ದಿನದ ತಾರೀಖು ಬಾಟಲಿ ಮೇಲೆ ಮಾರ್ಕರ್‌ನಲ್ಲಿ ಬರೆಯಿರಿ. ಕಂಪನಿ ಕೊಟ್ಟ ಎಕ್ಸ್‌ಪೈರಿ ಮುಚ್ಚಿದ ಬಾಟಲಿಗೆ. ತೆರೆದ ಮೇಲೆ ಒಂದು ವರ್ಷ ಅಂತ ಸಾಮಾನ್ಯವಾಗಿ ಹೇಳ್ತಾರೆ. ನಾನು ಆರು ತಿಂಗಳಿಗೇ ನಿಲ್ಲಿಸ್ತೀನಿ, ಫ್ರಿಜ್ ಹೊರಗೆ ಒಂದು ಬೇಸಿಗೆ ಕಳೆದಿದ್ದರೆ ತಾರೀಖು ನೋಡೋದೇ ಇಲ್ಲ, ಸೀದಾ ಹೊರಗೆ. ಮೂಗಿಗೂ ಸ್ವಲ್ಪ ಗೊತ್ತಾಗುತ್ತೆ: ತಾಜಾ ಎಣ್ಣೆ ತಿಳಿಯಾಗಿ, ಕರ್ಪೂರದ ಹಾಗೆ ತಂಪು ವಾಸನೆ. ಕೆಟ್ಟದ್ದು ಪೇಂಟಿಗೆ ಬೆರೆಸೋ ಟರ್ಪೆಂಟೈನ್ ಹಾಗೆ ಮೂಗಿಗೆ ಹೊಡೆಯುತ್ತೆ. ಆದರೆ ವಾಸನೆ ಚೆನ್ನಾಗಿದೆ ಅಂತ ಹಳೇ ಬಾಟಲಿ ನಂಬಬೇಡಿ.

ಹೆಜ್ಜೆ ಮೂರು: ಅಳತೆ

ಇಲ್ಲಿ ಸ್ವಲ್ಪ ಲೆಕ್ಕ ಇದೆ, ಹೆದರಬೇಡಿ. ಅಡುಗೆಮನೆ ಚಮಚ ಒಂದೊಂದು ಮನೆಯಲ್ಲಿ ಒಂದೊಂದು ಗಾತ್ರ, ಅದು ಬೇಡ. ಕೆಮ್ಮಿನ ಸಿರಪ್ ಜೊತೆ ಬರೋ 5 ಮಿಲಿ ಗೆರೆ ಇರೋ ಮುಚ್ಚಳ ತೊಳೆದು ಇಟ್ಟುಕೊಳ್ಳಿ. ಆಮೇಲೆ ಅದನ್ನ ಸಿರಪ್‌ಗೆ ಮತ್ತೆ ಬಳಸಬಾರದು.

ಸುಮಾರು 20 ಹನಿಗೆ 1 ಮಿಲಿ ಅಂತ ಲೆಕ್ಕ. ಹಾಗಾದರೆ 5 ಮಿಲಿ ಬೇರೆ ಎಣ್ಣೆಗೆ 1 ಹನಿ ಹಾಕಿದರೆ ಶೇಕಡಾ 1, 2 ಹನಿ ಹಾಕಿದರೆ ಶೇಕಡಾ 2, 5 ಹನಿ ಹಾಕಿದರೆ ಹೆಚ್ಚುಕಡಿಮೆ ಶೇಕಡಾ 5. ಇಷ್ಟೇ. ಮೈಮೇಲೆ ಹಚ್ಚಿ ಬಿಡೋದಾದರೆ ಶೇಕಡಾ 1ರಿಂದ ಶುರು ಮಾಡಿ, 2ಕ್ಕೆ ನಿಲ್ಲಿಸಿ. ಹಚ್ಚಿ ತೊಳೆಯೋ ಶಾಂಪೂಗೆ ಸ್ವಲ್ಪ ಜಾಸ್ತಿ ನಡೆಯುತ್ತೆ. ಹನಿಯ ಗಾತ್ರ ಬಾಟಲಿಯ ಬಾಯಿ ಮೇಲೆ ಹೋಗುತ್ತೆ, ಕೆಲವದರಲ್ಲಿ 1 ಮಿಲಿಗೆ 30 ಹನಿ ಬೀಳಬಹುದು. ಖಚಿತ ಬೇಕಂದ್ರೆ ಮೆಡಿಕಲ್‌ನಲ್ಲಿ ಸೂಜಿ ಇಲ್ಲದ 2 ಮಿಲಿ ಸಿರಿಂಜ್ ತಗೊಳ್ಳಿ, ಅದರಲ್ಲಿ ಗೆರೆ ಇರುತ್ತೆ. ಬೆರೆಸೋಕೆ ಗಾಜಿನ ಅಥವಾ ಸ್ಟೀಲಿನ ಬಟ್ಟಲೇ ಬೇಕು. ಈ ಎಣ್ಣೆ ಕೆಲವು ಪ್ಲಾಸ್ಟಿಕ್ಕನ್ನ, ಅದರಲ್ಲೂ ಥರ್ಮಾಕೋಲ್ ಕಪ್ಪನ್ನ ಕರಗಿಸುತ್ತೆ.

ಯಾವ ಎಣ್ಣೆಯಲ್ಲಿ ಬೆರೆಸೋದು? ಕೊಬ್ಬರಿ ಎಣ್ಣೆ ಆಗುತ್ತೆ. ನನಗೆ ಕುಸುಬಿ ಎಣ್ಣೆ ಇಷ್ಟ, ಗಾಣದ್ದು ನಮ್ಮ ಕಡೆ ಸಿಗುತ್ತೆ, ಹಗುರ, ಅಂಟಂಟು ಕಡಿಮೆ. ಆದರೆ ಕುಸುಬಿ ಬೇಗ ಕಮಟುತ್ತೆ, ಹಾಗಾಗಿ ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಒರೆಸಿದ ಅರಿವೆಯನ್ನ ಮುದ್ದೆ ಮಾಡಿ ಬಿಸಿಲಲ್ಲಿ ಅಥವಾ ಒಲೆ ಹತ್ತಿರ ಬಿಸಾಡಬೇಡಿ. ಕುಸುಬಿ ಮೆತ್ತಿದ ಬಟ್ಟೆ ರಾಶಿ ತನ್ನಷ್ಟಕ್ಕೇ ಕಾದು ಹೊತ್ತಿಕೊಳ್ಳೋ ಸಾಧ್ಯತೆ ಇದೆ, ಟೀ ಟ್ರೀಯಂತೂ ಮೊದಲೇ ಬೆಂಕಿ ಹಿಡಿಯೋ ವಸ್ತು. ಹರವಿ ಒಣಗಿಸಿ, ಸೋಪು ಹಾಕಿ ತೊಳೆಯಿರಿ.

ನೀರಲ್ಲಿ ಬೆರೆಸ್ತೀನಿ ಅನ್ನೋರಿಗೆ ಒಂದು ಮಾತು. ಇದು ನೀರಲ್ಲಿ ಬೆರೆಯಲ್ಲ. ಬಕೆಟ್ ನೀರಿಗೆ ಹತ್ತು ಹನಿ ಹಾಕಿದರೆ ಅದು ಹಾಗೇ ಮೇಲೆ ತೇಲ್ತಿರುತ್ತೆ, ಮೊದಲ ತಂಬಿಗೆಯಲ್ಲೇ ಅಷ್ಟೂ ಎಣ್ಣೆ ನಿಮ್ಮ ಮೈಮೇಲೆ, ಕಣ್ಣಲ್ಲಿ.

ಹೆಜ್ಜೆ ನಾಲ್ಕು: ಮೊದಲು ಮುಂಗೈ

ಪ್ಯಾಚ್ ಟೆಸ್ಟ್ ಅಂದರೆ ಒಂದು ಸಲ ಹಚ್ಚಿ ಹತ್ತು ನಿಮಿಷ ನೋಡೋದು ಅಂತ ಜನ ಅಂದುಕೊಂಡಿದ್ದಾರೆ. ಹತ್ತು ನಿಮಿಷದಲ್ಲಿ ಉರಿ ಗೊತ್ತಾಗಬಹುದು, ಅಲರ್ಜಿ ಗೊತ್ತಾಗಲ್ಲ. ಅಲರ್ಜಿಗೆ ಒಂದರಿಂದ ಮೂರು ದಿನ ಬೇಕು, ಒಮ್ಮೊಮ್ಮೆ ಇನ್ನೂ ಜಾಸ್ತಿ. ನನಗೆ ಮೂರನೇ ದಿನ ಬಂತು ಅಂದೆನಲ್ಲ, ಅದೇ ಇದು.

ಬೆರೆಸಿದ ಎಣ್ಣೆಯನ್ನ ಮೊಣಕೈ ಒಳಭಾಗದಲ್ಲಿ, ರೂಪಾಯಿ ನಾಣ್ಯದಷ್ಟು ಜಾಗಕ್ಕೆ, ಬೆಳಿಗ್ಗೆ ಸಂಜೆ ಹಚ್ಚಿ. ಅದೇ ಜಾಗ, ಏಳು ದಿನ. ಕೆಂಪು, ತುರಿಕೆ, ಸಣ್ಣ ಗುಳ್ಳೆ ಏನೇ ಬಂದರೂ ಅಲ್ಲಿಗೇ ನಿಲ್ಲಿಸಿ. ಇನ್ನೂ ತೆಳು ಮಾಡಿ ನೋಡೋಣ, ಬೇರೆ ಕಂಪನಿದು ನೋಡೋಣ ಅನ್ನೋದು ಬೇಡ. ಒಮ್ಮೆ ಅಲರ್ಜಿ ಆದರೆ ಸಾಮಾನ್ಯವಾಗಿ ಜೀವನಪೂರ್ತಿ ಇರುತ್ತೆ. ನಾನೀಗ ಸೋಪು, ಫೇಸ್‌ವಾಶ್ ಕೊಳ್ಳುವಾಗಲೂ ಹಿಂದೆ ತಿರುಗಿಸಿ ಓದ್ತೀನಿ. ಹೌದು, ನಾನು ಈಗ ಇದನ್ನ ಬಳಸಲ್ಲ. ಮನೆಯಲ್ಲಿ ತಮ್ಮ, ಅವನ ಹೆಂಡತಿ ಬಳಸ್ತಾರೆ, ಅಳೆದು ಕೊಡೋದು ನಾನು, ಅದೂ ಕೈಗವಸು ಹಾಕಿಕೊಂಡು.

ಹೆಜ್ಜೆ ಐದು: ಯಾವುದಕ್ಕೆ, ಎಷ್ಟು

ಮೊಡವೆಗೆ ಇದರ ಬಗ್ಗೆ ಒಳ್ಳೆ ಪರೀಕ್ಷೆ ನಡೆದಿದೆ. 1990ರಲ್ಲಿ ಆಸ್ಟ್ರೇಲಿಯಾದಲ್ಲಿ 124 ಜನರ ಮೇಲೆ ಶೇಕಡಾ 5ರ ಟೀ ಟ್ರೀ ಜೆಲ್ಲನ್ನು ಮೊಡವೆಗೆ ಸಾಮಾನ್ಯವಾಗಿ ಬಳಸೋ ಔಷಧ ಬೆಂಜಾಯ್ಲ್ ಪೆರಾಕ್ಸೈಡ್ (ಅದೂ ಶೇಕಡಾ 5) ಜೊತೆ ಹೋಲಿಸಿ ನೋಡಿದರು. ಎರಡೂ ಮೊಡವೆ ಕಡಿಮೆ ಮಾಡಿದವು. ಟೀ ಟ್ರೀ ನಿಧಾನ, ಆದರೆ ಉರಿ, ಒಣಗೋದು ಕಡಿಮೆ. ಇಲ್ಲಿ ಜೆಲ್ ಅನ್ನೋ ಮಾತು ಗಮನಿಸಿ. ಮನೆಯಲ್ಲಿ ಲೋಳೆಸರಕ್ಕೆ ಹನಿ ಹಾಕಿ ಕಲಸಿದರೆ ಅದು ಒಡೆದು ಬೇರೆಬೇರೆ ಆಗುತ್ತೆ, ಒಂದು ಕಡೆ ಏನೂ ಇಲ್ಲ, ಇನ್ನೊಂದು ಕಡೆ ಬರೀ ಎಣ್ಣೆ. ಕೊಬ್ಬರಿ ಎಣ್ಣೆಯಲ್ಲಿ ಬೆರೆಸಿ ಮುಖಕ್ಕೆ ಹಚ್ಚಿದರೆ ಮೊಡವೆಯೇ ಹೆಚ್ಚಾಗಬಹುದು. ಹಾಗಾಗಿ ಮುಖಕ್ಕೆ ಮಾತ್ರ ಮನೆ ಪ್ರಯೋಗ ಬಿಟ್ಟು ರೆಡಿಮೇಡ್ ಜೆಲ್ ಕೊಳ್ಳಿ, ಮುಂಗೈ ಪರೀಕ್ಷೆ ಅದಕ್ಕೂ ಮಾಡಿ. ಕಣ್ಣು, ಮೂಗಿನ ಒಳಗೆ, ತುಟಿ ಹತ್ತಿರ ಬೇಡ.

ತಲೆಹೊಟ್ಟಿಗೆ ಇದು ನನಗೆ ಎಲ್ಲಕ್ಕಿಂತ ಸಲೀಸು ಅನಿಸೋ ಬಳಕೆ, ಯಾಕಂದ್ರೆ ತೊಳೆದು ಹೋಗುತ್ತೆ. 2002ರ ಒಂದು ಪರೀಕ್ಷೆಯಲ್ಲಿ 126 ಜನರಲ್ಲಿ ಸುಮಾರು ಅರ್ಧದಷ್ಟು ಜನ ನಾಲ್ಕು ವಾರ ದಿನಾ ಶೇಕಡಾ 5ರ ಟೀ ಟ್ರೀ ಶಾಂಪೂ ಹಚ್ಚಿ ಮೂರು ನಿಮಿಷ ಬಿಟ್ಟು ತೊಳೆದರು, ಉಳಿದವರು ಎಣ್ಣೆ ಇಲ್ಲದ ಶಾಂಪೂ. ಅವರಲ್ಲಿ ಹೊಟ್ಟಿನ ತೀವ್ರತೆ ಶೇಕಡಾ 41ರಷ್ಟು ಇಳಿಯಿತು, ಎಣ್ಣೆ ಇಲ್ಲದ ಶಾಂಪೂ ಹಚ್ಚಿದವರಲ್ಲಿ ಶೇಕಡಾ 11. ಮನೆಯಲ್ಲಿ ಮಾಡೋದು ಹೀಗೆ: ಅಂಗೈಗೆ ಬೇಡ, ಮುಚ್ಚಳದಲ್ಲಿ 5 ಮಿಲಿ ಶಾಂಪೂ ಅಳೆದು ಸ್ಟೀಲ್ ಬಟ್ಟಲಿಗೆ ಹಾಕಿ, ಅದಕ್ಕೆ 2 ಹನಿ, ಕಡ್ಡಿಯಿಂದ ಚೆನ್ನಾಗಿ ಕಲಸಿ ಆಗಲೇ ಹಚ್ಚಿ. ಮೂರು ನಿಮಿಷ, ಆಮೇಲೆ ತಲೆ ಹಿಂದಕ್ಕೆ ಬಾಗಿಸಿ ತೊಳೆಯಿರಿ, ನೊರೆ ಕಣ್ಣಿಗೆ ಇಳಿಯಬಾರದು. ಎರಡು ವಾರ ಏನೂ ತೊಂದರೆ ಇಲ್ಲ ಅಂದರೆ 3 ಹನಿ, ನಿಧಾನಕ್ಕೆ 5. ಶಾಂಪೂ ಬಾಟಲಿಗೇ ಸುರಿದು ಇಡಬೇಡಿ, ಬಚ್ಚಲಮನೆ ಬಿಸಿಗೆ ಅದೂ ಕೆಡುತ್ತೆ, ಮಕ್ಕಳೂ ಅದನ್ನೇ ಹಚ್ಚಿಕೊಳ್ತಾರೆ.

ಇನ್ನು ಕಾಲ್ಬೆರಳ ಸಂದು. ನಮ್ಮ ತಮ್ಮ ಜಮಖಂಡಿ ಕಡೆ ಕಬ್ಬು ಮಾಡ್ತಾನೆ, ನೀರು ಹಾಯಿಸೋ ದಿನ ಪೂರ್ತಿ ಕಾಲು ಕೆಸರಲ್ಲಿ ಅಥವಾ ಬೆವರಿದ ಬೂಟಲ್ಲಿ. ಬೆರಳ ಸಂದು ಬಿಳಿಚಿ, ಒಡೆದು, ತುರಿಕೆ. ಖಾನಾಪುರ ಕಡೆ ಮಳೆಗಾಲದಲ್ಲಿ ಇದು ಇನ್ನೂ ಜಾಸ್ತಿ. ಇದಕ್ಕೆ ಟೀ ಟ್ರೀ ರಾಮಬಾಣ ಅಂತ ಹೇಳೋರಿದ್ದಾರೆ. ನಿಜ ಸ್ವಲ್ಪ ಬೇರೆ. ಪರೀಕ್ಷೆಯಲ್ಲಿ ಶೇಕಡಾ 10ರ ಟೀ ಟ್ರೀ ಕ್ರೀಮು ತುರಿಕೆ, ಸಿಪ್ಪೆ ಏಳೋದನ್ನ ಕಡಿಮೆ ಮಾಡಿತು, ಆದರೆ ಇದಕ್ಕೆ ಕಾರಣವಾದ ಶಿಲೀಂಧ್ರವನ್ನ ಓಡಿಸೋದರಲ್ಲಿ ಔಷಧ ಇಲ್ಲದ ಕ್ರೀಮಿಗಿಂತ ಏನೂ ಮುಂದೆ ಹೋಗಲಿಲ್ಲ. ಶಿಲೀಂಧ್ರ ಹೋಗಿದ್ದು ಶೇಕಡಾ 25, 50ರಷ್ಟು ಗಟ್ಟಿ ಹಚ್ಚಿದಾಗ, ಆಗ ಕೆಲವರಿಗೆ ಚರ್ಮವೇ ಕೆರಳಿ ನಿಲ್ಲಿಸಬೇಕಾಯ್ತು. ಅಷ್ಟು ಗಟ್ಟಿ ಮನೆಯಲ್ಲಿ ಬೇಡ. ಮೆಡಿಕಲ್‌ನಲ್ಲಿ ಸಿಗೋ, ಶಿಲೀಂಧ್ರ ಕೊಲ್ಲೋ ಬರೀ ಕ್ಲೋಟ್ರಿಮಜೋಲ್ ಕ್ರೀಮು ಅಗ್ಗ, ಕೆಲಸವೂ ಗೊತ್ತಿರೋದು. ತಮ್ಮ ಈಗ ಮಾಡೋದು: ಹೊಲದಿಂದ ಬಂದು ಕಾಲು ತೊಳೆದು, ಬೆರಳ ಸಂದು ಹಳೇ ಧೋತರದ ತುಂಡಿನಿಂದ ಪೂರ್ತಿ ಒರೆಸಿ, ಆ ಕ್ರೀಮು. ತುರಿಕೆ ಇಲ್ಲದ ದಿನಗಳಲ್ಲಿ ಕಾಲಿನ ಮೇಲ್ಭಾಗಕ್ಕೆ, ಹಿಮ್ಮಡಿಗೆ ಶೇಕಡಾ 2ರ ಎಣ್ಣೆ, ಅದೂ ವಾಸನೆ ಅವನಿಗೆ ಹಿಡಿಸುತ್ತೆ ಅಂತ. ಸಕ್ಕರೆ ಕಾಯಿಲೆ ಇರೋರು ಕಾಲಿಗೆ ಇದನ್ನ ಹಚ್ಚಲೇಬಾರದು. ಉರಿದರೂ ಗೊತ್ತಾಗಲ್ಲ, ಹುಣ್ಣಾದ ಮೇಲೆ ಗೊತ್ತಾಗುತ್ತೆ.

ಗಜಕರ್ಣಕ್ಕೆ ಬೇಡವೇ ಬೇಡ. ಸೊಂಟ, ತೊಡೆ ಸಂದಿನಲ್ಲಿ ಉಂಗುರದ ಹಾಗೆ ಎದ್ದಿದ್ದರೆ ಡಾಕ್ಟರಿಗೆ ತೋರಿಸಿ. ಅಂಗಡಿಯವರು ಕೊಡೋ ಸ್ಟೀರಾಯ್ಡ್ ಬೆರೆತ ಕ್ರೀಮು ಹಚ್ಚಿ ಹಚ್ಚಿ ಅದು ಮೊಂಡು ಬಿದ್ದಿರುತ್ತೆ, ಅದರ ಮೇಲೆ ಈ ಎಣ್ಣೆ ಸುರಿದರೆ ಉರಿ ಮಾತ್ರ.

ನೆಲ ಒರೆಸೋ ನೀರಿಗೆ ನಾಲ್ಕು ಹನಿ ಹಾಕೋರಿಗೆ ನಾನು ಬೇಡ ಅನ್ನಲ್ಲ, ವಾಸನೆ ಚೆನ್ನಾಗಿರುತ್ತೆ. ಕ್ರಿಮಿ ಸಾಯ್ತವೆ ಅಂತ ಮಾತ್ರ ನಂಬಬೇಡಿ. ಸೊಳ್ಳೆ ಬರಲ್ಲ ಅಂತಲೂ.

ಮಾಡಲೇಬಾರದ ಕೆಲಸಗಳು

ಬಾಯಿಗೆ ಹಾಕಬಾರದು. ಬಾಯಿ ಮುಕ್ಕಳಿಸೋಕೆ, ಹಲ್ಲುನೋವಿಗೆ, ಬಾಯಿಹುಣ್ಣಿಗೆ, ಜೇನಿನ ಜೊತೆ ಒಂದು ಹನಿ, ಯಾವುದೂ ಇಲ್ಲ. ಹೊಟ್ಟೆಗೆ ಹೋದರೆ ಇದು ವಿಷ. ಮಕ್ಕಳು 10 ಮಿಲಿಗಿಂತ ಕಡಿಮೆ ಕುಡಿದು ತೂರಾಡಿ, ಮಂಪರಿಗೆ ಹೋದ ಉದಾಹರಣೆಗಳು ವೈದ್ಯಕೀಯ ವರದಿಗಳಲ್ಲಿ ಇವೆ. ಕಿವಿ ಒಳಗೂ ಹಾಕಬಾರದು. ಗುಪ್ತಾಂಗಕ್ಕೂ ಬೇಡ. ಸೀಳಿದ ಗಾಯ, ಸುಟ್ಟ ಗಾಯ, ಆಗಷ್ಟೇ ಶೇವ್ ಮಾಡಿದ ಚರ್ಮ, ಎಕ್ಸಿಮಾ ಇರೋ ಜಾಗ, ಇಲ್ಲೆಲ್ಲ ಬೇಡ.

ಕೂಸುಗಳಿಗೆ, ಸಣ್ಣ ಮಕ್ಕಳಿಗೆ ಹಚ್ಚೋದೂ ಬೇಡ, ನೆಗಡಿಗೆ ಇದರ ಹಬೆ ಕೊಡೋದೂ ಬೇಡ. ಶಾಲೆಯಿಂದ ಹೇನು ತಂದರೆ ಸಣ್ಣ ಹಣಿಗೆ ಇದೆ, ಮೆಡಿಕಲ್‌ನಲ್ಲಿ ಹೇನಿನ ಔಷಧ ಇದೆ. ಬಸುರಿಯರು, ಬಾಣಂತಿಯರು ಡಾಕ್ಟರನ್ನ ಕೇಳದೆ ಬಳಸಬಾರದು. ಉಬ್ಬಸ ಇರೋರ ಮನೆಯಲ್ಲಿ ಡಿಫ್ಯೂಸರ್‌ಗೆ (ಕೋಣೆಯಲ್ಲಿ ವಾಸನೆ ಹರಡೋ ಸಾಧನ) ಹಾಕಬೇಡಿ.

ನಾಯಿ, ಬೆಕ್ಕು ಇರೋ ಮನೆಯವರು ಇದನ್ನ ಎರಡು ಸಲ ಓದಿ. ಮುಧೋಳದ ಕಡೆ ನಾಯಿ ಸಾಕೋದು ಅಂದರೆ ಒಂದು ಹೆಮ್ಮೆ, ಉಣ್ಣಿ ಹತ್ತಿದರೆ ಏನಾದರೂ ಮಾಡಬೇಕು ಅನಿಸುತ್ತೆ. ಅಲ್ಲಿ ಈ ಎಣ್ಣೆ ತರಬೇಡಿ. ಅಮೆರಿಕದಲ್ಲಿ 2002ರಿಂದ 2012ರ ನಡುವೆ ಬೆರೆಸದ ಟೀ ಟ್ರೀಯಿಂದ 443 ನಾಯಿ, ಬೆಕ್ಕುಗಳಿಗೆ ತೊಂದರೆಯಾದ ವರದಿ ದಾಖಲಾಗಿದೆ. ಬಹಳಷ್ಟು ಸಲ ಹಚ್ಚಿದ್ದು ಸಾಕಿದವರೇ, ಒಳ್ಳೇದಾಗಲಿ ಅಂತಲೇ. ಕೆಲವೇ ಗಂಟೆಯಲ್ಲಿ ಜೊಲ್ಲು, ನಡುಕ, ಹಿಂಗಾಲು ಸೋಲೋದು ಶುರುವಾಗುತ್ತೆ, ಮೂರು ದಿನದ ತನಕ ಇರಬಹುದು. ಪ್ರಾಣಿ ನೆಕ್ಕಿಕೊಳ್ಳುತ್ತೆ, ಹಾಗಾಗಿ ಹಚ್ಚಿದ್ದೆಲ್ಲ ಹೊಟ್ಟೆಗೂ ಹೋಗುತ್ತೆ. ಬೆಕ್ಕಿನ ಪಿತ್ತಜನಕಾಂಗಕ್ಕೆ ಇಂಥದ್ದನ್ನ ಅರಗಿಸೋ ಶಕ್ತಿಯೇ ಕಡಿಮೆ. ಪಶುವೈದ್ಯರ ಹತ್ತಿರ ಉಣ್ಣಿಗೆ ಸರಿಯಾದ ಔಷಧ ಇರುತ್ತೆ.

ಎಡವಟ್ಟಾದರೆ

ಚರ್ಮ ಉರಿದರೆ ಮೊದಲು ಒಣ ಬಟ್ಟೆಯಿಂದ ಎಣ್ಣೆ ಒತ್ತಿ ತೆಗೆದು, ಆಮೇಲೆ ಸೌಮ್ಯ ಸೋಪು, ತಣ್ಣೀರು. ಬರೀ ನೀರು ಸುರಿದರೆ ಎಣ್ಣೆ ಹರಡುತ್ತೆ. ಅರಿಶಿನ, ಟೂತ್‌ಪೇಸ್ಟ್, ಇನ್ನೊಂದು ಎಣ್ಣೆ ಬೇಡ. ಗುಳ್ಳೆ ಎದ್ದರೆ ಅಥವಾ ಮುಖ ಊದಿದರೆ ಡಾಕ್ಟರು.

ಕಣ್ಣಿಗೆ ಬಿದ್ದರೆ ನಳದ ಕೆಳಗೆ ಹದಿನೈದು ನಿಮಿಷ, ಗಡಿಯಾರ ನೋಡಿ, ರೆಪ್ಪೆ ಬಿಡಿಸಿ ಹಿಡಿದು ತೊಳೆಯಿರಿ. ಲೆನ್ಸ್ ಇದ್ದರೆ ತೆಗೆಯಿರಿ. ಉರಿ ಹೋಗದಿದ್ದರೆ ಆಸ್ಪತ್ರೆ.

ಕುಡಿದುಬಿಟ್ಟರೆ ವಾಂತಿ ಮಾಡಿಸಬೇಡಿ. ನಮ್ಮ ಕಡೆ ಉಪ್ಪು ನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸೋದು ಮೊದಲ ಕೆಲಸ, ಇಲ್ಲಿ ಅದೇ ಅಪಾಯ, ಎಣ್ಣೆ ಶ್ವಾಸಕೋಶಕ್ಕೆ ಇಳಿಯಬಹುದು. ಬಾಯಿ ಒರೆಸಿ, 108ಕ್ಕೆ ಫೋನ್ ಮಾಡಿ ಇಲ್ಲವೇ ಸಿಕ್ಕ ಗಾಡಿ ಹತ್ತಿ ಹೊರಡಿ. ಈಗ ಚೆನ್ನಾಗೇ ಇದ್ದಾನೆ ಅಂತ ಕಾಯಬೇಡಿ. ಬಾಟಲಿ ಜೊತೆಗೆ ಒಯ್ಯಿರಿ, ಎಷ್ಟು ಖಾಲಿ ಆಗಿದೆ, ಎಷ್ಟು ಹೊತ್ತಿಗೆ ಕುಡಿದದ್ದು ಅಂತ ಅವರು ಕೇಳೇ ಕೇಳ್ತಾರೆ.

ಹಳೇ ಎಣ್ಣೆ ಎಸೆಯೋದು

ಬಚ್ಚಲಿಗೆ, ಗಟಾರಕ್ಕೆ ಸುರಿಯಬೇಡಿ. ಮುಚ್ಚಳ ಗಟ್ಟಿ ಇರೋ ಹಳೇ ಗಾಜಿನ ಭರಣಿಗೆ ಎರಡು ಹಿಡಿ ಉಸುಕು ಹಾಕಿ, ಎಣ್ಣೆ ಅದರೊಳಗೆ ಸುರಿದು ಮುಚ್ಚಿ, ಖಾಲಿ ಬಾಟಲಿ ಜೊತೆ ಪೇಪರಿನಲ್ಲಿ ಸುತ್ತಿ, ಕಸದ ಗಾಡಿ ಬಂದಾಗ ಕೈಯಾರೆ ಅಪಾಯಕಾರಿ ಕಸದ ಕಡೆ ಕೊಡಿ. ತಿಪ್ಪೆಗೆ ಬೇಡ, ಅಲ್ಲಿ ದನ, ನಾಯಿ ಬಾಯಿ ಹಾಕ್ತವೆ. ನಾನು ಯುಗಾದಿಗೆ ಮನೆ ಸಾರಿಸಿ ತೊಳೆಯೋ ವಾರದಲ್ಲೇ ಫ್ರಿಜ್‌ನ ಡಬ್ಬಿ ತೆಗೆದು ತಾರೀಖು ನೋಡ್ತೀನಿ. ಬಿಸಿಲು ಏರೋದು ಆಮೇಲೆಯೇ ಅಲ್ವಾ.